ಹಲ್ಲಿನ ಇಂಪ್ಲಾಂಟ್: ದುಡ್ಡು ಎಷ್ಟು, ದಿನ ಎಷ್ಟು, ಮೊದಲೇ ಕೇಳಬೇಕಾದ್ದು ಎಂತ?

ಬಂಟ್ವಾಳ / ಬೆಳ್ತಂಗಡಿ / ಮೂಡುಬಿದಿರೆ: ಹಲ್ಲಿಗೆ ಇಂಪ್ಲಾಂಟ್ ಹಾಕಿಸಬೇಕು ಅಂದರೆ ಮಂಗಳೂರಿಗೋ ಮಣಿಪಾಲಕ್ಕೋ ಹೋಗಲೇಬೇಕು ಎನ್ನುವ ಕಾಲ ಒಂದಿತ್ತು. ಈಗ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ ಪೇಟೆಯ ದಂತ ಚಿಕಿತ್ಸಾಲಯಗಳ ಬೋರ್ಡಿನಲ್ಲೂ ಆ ಪದ ಉಂಟು. ಮೊಬೈಲ್ ತೆರೆದರೆ 'ಮೂರೇ ದಿನದಲ್ಲಿ ಗಟ್ಟಿ ಹಲ್ಲು', 'ಕಂತಿನಲ್ಲಿ ಕಟ್ಟಿ' ಎಂಬ ಜಾಹೀರಾತು. ಹಲ್ಲು ಹೋದವರಿಗೆ ಆಸೆ ಆಗುವುದು ಸಹಜ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸದೆ ತಿನ್ನಬೇಕು, ಚಕ್ಕುಲಿ ಕಡಿಯಬೇಕು, ಗಿರಾಕಿ ಎದುರು ಬಾಯಿ ಬಿಟ್ಟು ನಗಬೇಕು ಎನ್ನುವುದು ಸಣ್ಣ ಆಸೆಯೂ ಅಲ್ಲ.

ಆದರೆ ಇದು ಒಂದು ದಿನ ಹೋಗಿ ತೆಗೆದುಕೊಂಡು ಬರುವ ಸಾಮಾನಲ್ಲ. ಒಂದು ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ, ಐದಾರು ಸಲದ ಓಡಾಟ, ಮೂರರಿಂದ ಆರು ತಿಂಗಳ ಕಾಯುವಿಕೆ ಇದೆ. ಅಡಿಕೆ ಮಾರಿದ ದುಡ್ಡು, ಸೊಸೈಟಿ ಸಾಲ, ಸ್ವಸಹಾಯ ಸಂಘದ ಸಾಲ ಅಥವಾ ಅಡವಿಟ್ಟ ಚಿನ್ನದ ಮೇಲೆ ಇದು ನಡೆಯುವುದಾದರೆ, ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲೇ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಇಂಪ್ಲಾಂಟ್ ಅಂದರೆ ಎಂತ?

ಸರಳವಾಗಿ ಹೇಳುವುದಾದರೆ, ಹಲ್ಲಿನ ಬೇರಿನ ಜಾಗಕ್ಕೆ ದವಡೆಯ ಎಲುಬಿನೊಳಗೆ ಕೂರಿಸುವ ಸಣ್ಣ ಸ್ಕ್ರೂ. ಹೆಚ್ಚಿನವು ಟೈಟಾನಿಯಂ ಲೋಹದವು. ಈ ಸ್ಕ್ರೂ ಮೇಲೆ ಒಂದು ಜೋಡಣೆ ತುಂಡು ಬರುತ್ತದೆ, ಅದಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ. ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಅಂದರೆ ಒಂದು ಹಲ್ಲಿಗೆ ಮೂರು ಭಾಗ. ಬಿಲ್ಲಿನ ವಿಷಯಕ್ಕೆ ಬಂದಾಗ ಈ ಮೂರು ಭಾಗದ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಟೈಟಾನಿಯಂ ಯಾಕೆ? ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಎಲುಬಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಅದಕ್ಕೆ ಅಳವಡಿಸಿದ್ದ ಟೈಟಾನಿಯಂ ಉಪಕರಣವನ್ನು ವಾಪಸ್ ತೆಗೆಯಲು ನೋಡಿದಾಗ ಅದು ಎಲುಬಿಗೆ ಅಂಟಿ ಕೂತಿತ್ತು. ಎಲುಬು ಲೋಹವನ್ನು ತನ್ನದೇ ಭಾಗದಂತೆ ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಇದೇ ವಿಧಾನದಲ್ಲಿ ಇಂಪ್ಲಾಂಟ್ ಹಾಕಿದರು. ಆ ರೋಗಿ ಗೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷ, ಆ ಇಂಪ್ಲಾಂಟ್ ಅವರ ಬಾಯಲ್ಲಿತ್ತು. ಹಾಗಾಗಿ ಇದು ನಿನ್ನೆ ಮೊನ್ನೆ ಬಂದ ಫ್ಯಾಶನ್ ಅಲ್ಲ, ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆ. ಸರಿಯಾದ ರೋಗಿಗೆ ಸರಿಯಾಗಿ ಹಾಕಿದರೆ 10 ವರ್ಷದ ನಂತರವೂ ನೂರರಲ್ಲಿ 90ಕ್ಕಿಂತ ಹೆಚ್ಚು ಇಂಪ್ಲಾಂಟ್ ಉಳಿದಿರುತ್ತವೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ.

'ಸರಿಯಾದ ರೋಗಿ', 'ಸರಿಯಾಗಿ ಹಾಕಿದರೆ': ಎಲ್ಲ ವಿಷಯ ಇರುವುದು ಈ ಎರಡು ಮಾತಿನಲ್ಲಿ.

ಮೊದಲ ಭೇಟಿಯಿಂದ ಕ್ಯಾಪ್ ತನಕ

ಮೊದಲ ಭೇಟಿಯಲ್ಲಿ ಪರೀಕ್ಷೆ ಮತ್ತು ಎಕ್ಸ್‌ರೇ. ಇಡೀ ದವಡೆಯ ಎಕ್ಸ್‌ರೇಗೆ ಓಪಿಜಿ ಎನ್ನುತ್ತಾರೆ. ಎಲುಬಿನ ಎತ್ತರ, ಅಗಲ, ಒಳಗಿನ ನರ ಎಲ್ಲಿ ಹೋಗಿದೆ ಎಂದು ಸರಿಯಾಗಿ ತಿಳಿಯಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕಾಗುತ್ತದೆ. ಎಲ್ಲ ಕ್ಲಿನಿಕ್‌ನಲ್ಲಿ ಆ ಯಂತ್ರ ಇರುವುದಿಲ್ಲ. ಸ್ಕ್ಯಾನಿಗೆಂದೇ ಒಂದು ದಿನ ಬೇರೆ ಕಡೆ ಹೋಗಬೇಕಾಗಬಹುದು. ಸ್ಕ್ಯಾನ್ ಬೇಡ, ಅಂದಾಜಿನಲ್ಲಿ ಹಾಕುವ ಎಂದು ಯಾರಾದರೂ ಹೇಳಿದರೆ ಯಾಕೆ ಬೇಡ ಎಂದು ಕೇಳುವ ಹಕ್ಕು ರೋಗಿಗೆ ಉಂಟು. ಕೆಳದವಡೆಯ ಹಿಂಭಾಗದಲ್ಲಿ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಯ ಪೊಳ್ಳು ಇದೆ. ಎರಡನ್ನೂ ತಪ್ಪಿಸಿ ಸ್ಕ್ರೂ ಕೂರಿಸಬೇಕು.

ಎರಡನೇ ಹಂತ ಬಾಯಿ ಶುಚಿ ಮಾಡುವುದು. ವಸಡಿನಲ್ಲಿ ಕೀವು, ಹಲ್ಲಿನ ಸುತ್ತ ಕಲ್ಲಿನಂತೆ ಕಟ್ಟಿದ ಕೊಳೆ ಇದ್ದರೆ ಮೊದಲು ಅದು ಹೋಗಬೇಕು. ಗದ್ದೆ ಹದ ಮಾಡದೆ ನೇಜಿ ನೆಟ್ಟರೆ ಏನಾಗುತ್ತದೆ ಎಂದು ಇಲ್ಲಿನ ಜನರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೇ ಹಂತ ಸ್ಕ್ರೂ ಕೂರಿಸುವ ದಿನ. ಎಲ್ಲರೂ ಹೆದರುವುದು ಇದಕ್ಕೆ. ಹಲ್ಲು ಕೀಳುವಾಗ ಕೊಡುವಂಥದ್ದೇ ಮರಗಟ್ಟಿಸುವ ಇಂಜೆಕ್ಷನ್ ಇಲ್ಲಿಯೂ ಸಾಕು. ಪೂರ್ತಿ ಪ್ರಜ್ಞೆ ತಪ್ಪಿಸುವುದು ಸಾಮಾನ್ಯವಾಗಿ ಇಲ್ಲ. ಒಂದು ಇಂಪ್ಲಾಂಟಿಗೆ ಅರ್ಧದಿಂದ ಒಂದು ಗಂಟೆ. ಡ್ರಿಲ್ಲಿನ ಶಬ್ದ ಕೇಳುತ್ತದೆ, ಒತ್ತಿದ ಹಾಗೆ ಅನಿಸುತ್ತದೆ. ನೋವು ಆಗಬಾರದು, ಆದರೆ ಕೈ ಎತ್ತಿ ಹೇಳಬೇಕು. ಹೆಚ್ಚಿನವರಿಗೆ ಇದು ಬುದ್ಧಿಹಲ್ಲು ಕೀಳಿಸಿದ್ದಕ್ಕಿಂತ ಸುಲಭ ಅನಿಸುತ್ತದೆ.

ನಾಲ್ಕನೇ ಹಂತ ಕಾಯುವುದು. ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಎಲುಬು ಮೆದುವಾಗಿರುವ ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು ಎನ್ನುವುದು ಹಳೆಯ ಲೆಕ್ಕ. ಈಗಿನ ಸ್ಕ್ರೂಗಳ ಮೇಲ್ಮೈ ಒರಟಾಗಿರುವುದರಿಂದ ಕೆಲವರಿಗೆ ಇನ್ನೂ ಬೇಗ ಆಗುತ್ತದೆ. ಎಲುಬು ಕಡಿಮೆ ಇದ್ದು ಎಲುಬಿನ ಪುಡಿ ಹಾಕಿ ತುಂಬಿಸಬೇಕಾದರೆ ಇನ್ನೂ ನಾಲ್ಕಾರು ತಿಂಗಳು ಸೇರಬಹುದು. ಈ ಸಮಯದಲ್ಲಿ ಎದುರಿನ ಹಲ್ಲಾದರೆ ತಾತ್ಕಾಲಿಕ ಹಲ್ಲು ಹಾಕಿ ಕೊಡುತ್ತಾರೆ. ದವಡೆಯ ಹಿಂಭಾಗದ್ದಾದರೆ ಖಾಲಿ ಬಿಡುವುದೇ ಹೆಚ್ಚು.

ಕೊನೆಯದು ಅಬಟ್‌ಮೆಂಟ್ ಜೋಡಿಸಿ, ಅಳತೆ ತೆಗೆದು, ಲ್ಯಾಬಿಗೆ ಕಳುಹಿಸಿ ಕ್ಯಾಪ್ ಕೂರಿಸುವುದು. ಇದಕ್ಕೆ ಎರಡು ಮೂರು ಭೇಟಿ, ಒಂದೆರಡು ವಾರ.

ಒಟ್ಟು ಐದರಿಂದ ಎಂಟು ಸಲ ಕ್ಲಿನಿಕ್‌ಗೆ ಹೋಗಬೇಕು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ., ಮೂಡುಬಿದಿರೆಯಿಂದ ಸುಮಾರು 35, ಬಿ.ಸಿ.ರೋಡಿನಿಂದ ಸುಮಾರು 25. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವ ಕಡೆ ಎಷ್ಟು ಹೊತ್ತಾಗುತ್ತದೆ ಎಂದು ಓಡಾಡುವವರಿಗೆ ಗೊತ್ತು. ಒಬ್ಬರೇ ಅಂಗಡಿ ನೋಡಿಕೊಳ್ಳುವವರಿಗೆ ಒಂದೊಂದು ಭೇಟಿಯೂ ಅರ್ಧ ದಿನ ಬಾಗಿಲು ಹಾಕಿದ ಲೆಕ್ಕ. ಬೀಡಿ ಕಟ್ಟುವವರಿಗೆ, ದಿನಗೂಲಿಯವರಿಗೆ ಆ ದಿನದ ಸಂಪಾದನೆ ಇಲ್ಲ. ಈ ಖರ್ಚು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಹಾಕಿದ ನಂತರದ ಒಂದು ವಾರ

ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಶುರುವಾಗುತ್ತದೆ, ಮಾತ್ರೆಗೆ ಕಡಿಮೆಯಾಗುವಂಥ ನೋವು. ಊತ ಎರಡನೇ, ಮೂರನೇ ದಿನ ಹೆಚ್ಚು, ಆಮೇಲೆ ಇಳಿಯುತ್ತದೆ. ಉಗುಳಿನಲ್ಲಿ ಸ್ವಲ್ಪ ರಕ್ತ ಬಂದರೆ ಗಾಬರಿ ಬೇಡ. ಮೊದಲ ದಿನ ಹೊರಗಿನಿಂದ ಐಸ್ ಇಡಬೇಕು. ಜೋರಾಗಿ ಬಾಯಿ ಮುಕ್ಕಳಿಸಬಾರದು, ಉಗುಳುತ್ತಾ ಇರಬಾರದು, ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲ ಬಾಯಿ ತೊಳೆಯಬಹುದು. ಹೊಲಿಗೆ ಇದ್ದರೆ ಏಳರಿಂದ ಹತ್ತು ದಿನದಲ್ಲಿ ತೆಗೆಯುತ್ತಾರೆ.

ಊಟಕ್ಕೆ ತೊಂದರೆ ಇಲ್ಲ. ಆರಿದ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮೆತ್ತಗಿನ ಇಡ್ಲಿ, ಮುಳ್ಳು ತೆಗೆದ ಮೀನು. ಬಿಸಿ ಬಿಸಿ, ಖಾರ, ಗಟ್ಟಿ ಪದಾರ್ಥ ಬೇಡ. ಸಣ್ಣ ಬೀಜ ಇರುವ ಹಣ್ಣನ್ನೂ ಕೆಲ ದಿನ ಬಿಟ್ಟರೆ ಒಳ್ಳೆಯದು. ಮೂರ್ನಾಲ್ಕು ದಿನ ಅಕ್ಕಿ ಮೂಟೆ ಎತ್ತುವುದು, ಅಡಿಕೆ ಮರ ಹತ್ತುವುದು ಮಾಡಬಾರದು. ಕ್ಯಾಶ್ ಕೌಂಟರಿನಲ್ಲಿ ಕೂರುವವರು ಮರುದಿನವೇ ಅಂಗಡಿ ತೆರೆಯಬಹುದು.

ಇಂಜೆಕ್ಷನ್ ಪರಿಣಾಮ ಹೋಗಬೇಕಾದ ಸಮಯ ಕಳೆದು ಮರುದಿನವೂ ತುಟಿ ಅಥವಾ ಗಲ್ಲ ಮರಗಟ್ಟಿಯೇ ಇದ್ದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರು ದಿನ ಕಳೆದ ಮೇಲೆ ಊತ ಇಳಿಯುವ ಬದಲು ಏರಿದರೆ, ಕೀವು ಬಂದರೆ ನಾಳೆ ನೋಡುವ ಎಂದು ಕೂರುವುದು ಬೇಡ. ಆವತ್ತೇ ಫೋನ್ ಮಾಡಬೇಕು. ಆ ಫೋನ್ ಯಾರಿಗೆ ಎನ್ನುವುದೇ ದೊಡ್ಡ ಪ್ರಶ್ನೆ, ಅದು ಮುಂದೆ ಬರುತ್ತದೆ.

ಯಾರಿಗೆ ಆಗುತ್ತದೆ, ಯಾರು ಸ್ವಲ್ಪ ತಡೆಯಬೇಕು

ವಯಸ್ಸು ಹೆಚ್ಚಾಯಿತು ಎಂಬುದು ಅಡ್ಡಿ ಅಲ್ಲ. 75 ದಾಟಿದ ಅಜ್ಜಂದಿರಿಗೂ ಆರೋಗ್ಯ ಚೆನ್ನಾಗಿದ್ದರೆ ಹಾಕುತ್ತಾರೆ. ದವಡೆ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಮಾತ್ರ ಹಾಕುವುದಿಲ್ಲ.

ಮುಖ್ಯವಾದ್ದು ಸಕ್ಕರೆ ಕಾಯಿಲೆ. ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಒಂದು ದಿನ ಸರಿ ಇದ್ದರೆ ಸಾಲದು. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಅದು 7ರ ಆಸುಪಾಸಿನಲ್ಲಿ ಇದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. 8 ದಾಟಿದರೆ ಮೊದಲು ಶುಗರ್ ಇಳಿಸಿಕೊಂಡು ಬನ್ನಿ ಎನ್ನುವುದೇ ಸರಿಯಾದ ಸಲಹೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಒಣಗುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಎಲುಬು ಸವೆತಕ್ಕೆ ಮಾತ್ರೆ ಅಥವಾ ವರ್ಷಕ್ಕೊಮ್ಮೆಯ ಇಂಜೆಕ್ಷನ್ ತೆಗೆದುಕೊಳ್ಳುವ ಅಮ್ಮಂದಿರು, ಕ್ಯಾನ್ಸರಿಗೆ ದವಡೆಯ ಭಾಗಕ್ಕೆ ರೇಡಿಯೇಷನ್ ಆದವರು ಅದನ್ನು ಮೊದಲೇ ಹೇಳಬೇಕು. ಆ ಔಷಧಿಗಳಲ್ಲಿ ಕೆಲವಕ್ಕೆ ದವಡೆಯ ಎಲುಬು ಗುಣವಾಗದೆ ಕೊಳೆಯುವ ಅಪಾಯ ಉಂಟು. ಹೃದಯಕ್ಕೆ ಸ್ಟೆಂಟ್ ಹಾಕಿಸಿ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸಲೇಬಾರದು. ಹೃದಯದ ಡಾಕ್ಟರ ಒಂದು ಚೀಟಿ ತಂದು ಹಲ್ಲಿನ ಡಾಕ್ಟರಿಗೆ ಕೊಟ್ಟರೆ ಇಬ್ಬರ ಕೆಲಸವೂ ಸುಲಭ.

ಬೀಡಿ, ಸಿಗರೇಟ್ ಸೇದುವವರಲ್ಲಿ ಇಂಪ್ಲಾಂಟ್ ವಿಫಲ ಆಗುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು ಎಂದು ಅಧ್ಯಯನಗಳು ತೋರಿಸಿವೆ. ಸ್ಕ್ರೂ ಹಿಡಿಯುವ ಆ ಮೂರ್ನಾಲ್ಕು ತಿಂಗಳಾದರೂ ಬಿಡಲು ಆಗುವುದಿಲ್ಲ ಎಂದಾದರೆ ಹಣ ಹಾಕುವುದನ್ನು ಇನ್ನೊಮ್ಮೆ ಯೋಚಿಸಬೇಕು.

ಇನ್ನು ಅಡಿಕೆ. ಅರ್ಧ ತಾಲ್ಲೂಕಿನ ಅನ್ನ ಅಡಿಕೆಯಲ್ಲಿ ಇರುವಾಗ ಇದು ಕಿವಿಗೆ ಹಿತವಾದ ಮಾತಲ್ಲ. ಆದರೂ ಹಲ್ಲಿನ ವಿಷಯ ಬರೆಯುವಾಗ ಬಿಟ್ಟು ಹೋಗುವಂತಿಲ್ಲ. ಅಡಿಕೆ ಜಗಿಯುವುದರಿಂದ ಬಾಯಿಯೊಳಗಿನ ಚರ್ಮ ಗಟ್ಟಿಯಾಗಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರುತ್ತದೆ. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲು ಆಗದವರಿಗೆ ಹಿಂಬದಿಯ ಹಲ್ಲಿನ ಜಾಗಕ್ಕೆ ಡ್ರಿಲ್ ಹಿಡಿಯುವುದೇ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ದವಡೆಗೆ ಹೊಸ ಸ್ಕ್ರೂ ಹಾಕಿಸಿಕೊಂಡವರು ತಂಬಾಕು ಸೇರಿಸಿದ ಎಲೆ-ಅಡಿಕೆ ಜಗಿಯಬಾರದು ಎಂಬುದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಬಾಯಲ್ಲಿ ಬಿಳಿ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಇಂಪ್ಲಾಂಟ್ ಮಾತು ಆಮೇಲೆ, ಮೊದಲು ಅದನ್ನು ತೋರಿಸಬೇಕು.

ತಡ ಮಾಡಿದರೂ ಕಷ್ಟ ಉಂಟು. ಹಲ್ಲು ಕಿತ್ತ ಜಾಗದಲ್ಲಿ ಎಲುಬು ಕರಗುತ್ತಾ ಹೋಗುತ್ತದೆ. ಮೊದಲ ಒಂದು ವರ್ಷದಲ್ಲಿ ಅಲ್ಲಿನ ಎಲುಬಿನ ಅಗಲ ಅರ್ಧದಷ್ಟು ತಗ್ಗಬಹುದು. ಹತ್ತು ವರ್ಷ ಬಿಟ್ಟು ಹೋದರೆ ಎಲುಬು ತುಂಬಿಸುವ ಖರ್ಚು ಸೇರಿಕೊಳ್ಳುವುದು ಇದಕ್ಕೇ. ಹಾಗಾಗಿ ಹಲ್ಲು ಕೀಳಿಸುವ ದಿನವೇ ಮುಂದಿನದ್ದು ಎಂತ ಎಂದು ಕೇಳಿಕೊಳ್ಳುವುದು ಜಾಣತನ.

ದುಡ್ಡಿನ ಲೆಕ್ಕ: ಒಂದು ರೇಟ್, ಮೂರು ಬಿಲ್

ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಹಲ್ಲಿಗೆ ಕ್ಯಾಪ್ ಸೇರಿ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂ. ನಡುವೆ ಆಗುತ್ತದೆ. ಇಷ್ಟು ಅಂತರ ಯಾಕೆ? ಒಂದು ಕಾರಣ ಕಂಪನಿ. ಸ್ವಿಟ್ಜರ್ಲೆಂಡಿನ ಸ್ಟ್ರೌಮನ್, ಸ್ವೀಡನ್ ಮೂಲದ ನೋಬೆಲ್ ಬಯೋಕೇರ್ ದುಬಾರಿ ಸಾಲಿನವು. ಕೊರಿಯಾದ ಓಸ್ಟೆಮ್, ಇಸ್ರೇಲಿನ ಎಂಐಎಸ್ ಮುಂತಾದವು ಮಧ್ಯಮ ಸಾಲಿನವು. ಅದಕ್ಕಿಂತ ಕಡಿಮೆ ಬೆಲೆಯವೂ ಇವೆ. ದುಬಾರಿಯದ್ದೇ ಬೇಕೆಂದಿಲ್ಲ. ಆದರೆ ಹತ್ತು ವರ್ಷ ಬಿಟ್ಟು ಒಂದು ಸಣ್ಣ ಸ್ಕ್ರೂ ಸಡಿಲವಾದರೆ ಆ ಕಂಪನಿಯ ಬಿಡಿಭಾಗ ಸಿಗುತ್ತದೋ ಎನ್ನುವುದು ಮುಖ್ಯ. ಬೈಕ್ ತೆಗೆದುಕೊಳ್ಳುವಾಗ ಹತ್ತಿರದಲ್ಲಿ ಸರ್ವಿಸ್ ಉಂಟಾ ಎಂದು ನೋಡುವವರು ಇಲ್ಲಿಯೂ ನೋಡಬೇಕು.

ಇನ್ನೊಂದು ಕಾರಣ ಬಿಲ್ ಹಾಕುವ ರೀತಿ. '15 ಸಾವಿರಕ್ಕೆ ಇಂಪ್ಲಾಂಟ್' ಎಂಬ ಜಾಹೀರಾತಿನಲ್ಲಿ ಕೆಲವೊಮ್ಮೆ ಇರುವುದು ಬರೀ ಸ್ಕ್ರೂ ಬೆಲೆ. ಅಬಟ್‌ಮೆಂಟ್ ಬೇರೆ, ಕ್ಯಾಪ್ ಬೇರೆ, ಸ್ಕ್ಯಾನ್ ಬೇರೆ, ಎಲುಬು ಪುಡಿ ಬೇರೆ. ಕಡೆಗೆ ಕೂಡಿಸಿದರೆ ಮೊದಲೇ 30 ಸಾವಿರ ಹೇಳಿದ ಕ್ಲಿನಿಕ್ಕೇ ಅಗ್ಗ ಆಗಿರುತ್ತದೆ. ವ್ಯಾಪಾರಿಗಳಿಗೆ ಇದು ಹೊಸತಲ್ಲ. ಕೊಟೇಶನ್ ಕೇಳುವುದು ಅಂಗಡಿಗೆ ರ‍್ಯಾಕ್ ಮಾಡಿಸುವಾಗ ಇರುವ ಅಭ್ಯಾಸ, ಡಾಕ್ಟರ ಎದುರು ಮಾತ್ರ ನಾಚಿಕೆ. ನಾಚಿಕೆ ಬೇಡ. ಒಟ್ಟು ಎಷ್ಟು, ಯಾವ ಯಾವುದು ಸೇರಿ, ಯಾವಾಗ ಯಾವಾಗ ಕೊಡಬೇಕು ಎಂದು ಬರೆದುಕೊಡಿ ಎಂದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

'ಲೈಫ್‌ಟೈಮ್ ಗ್ಯಾರಂಟಿ' ಎನ್ನುವ ಮಾತನ್ನೂ ಬಿಡಿಸಿ ಕೇಳಬೇಕು. ಹೆಚ್ಚಿನ ಕಡೆ ಅದು ಕಂಪನಿಯು ಸ್ಕ್ರೂವಿಗೆ ಕೊಡುವ ಭರವಸೆ. ಸ್ಕ್ರೂ ಹೋದರೆ ಹೊಸ ಸ್ಕ್ರೂ ಸಿಗಬಹುದು, ಅದನ್ನು ಕೂರಿಸುವ ಚಾರ್ಜ್, ಹೊಸ ಕ್ಯಾಪ್ ಖರ್ಚು ಯಾರದ್ದು ಎಂದು ಬರಹದಲ್ಲಿ ಇರಬೇಕು.

ತೆರಿಗೆ ವಿಷಯ ಎರಡು. ಕ್ಲಿನಿಕ್‌ಗಳು ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬರೀ ಅಂದಕ್ಕಾಗಿ ಮಾಡುವ ಚಿಕಿತ್ಸೆಗೆ ಈ ವಿನಾಯಿತಿ ಇಲ್ಲ, ಆದರೆ ಹೋದ ಹಲ್ಲಿನ ಜಾಗಕ್ಕೆ ಜಗಿಯುವ ಹಲ್ಲು ಹಾಕುವುದು ಅಂದದ ಕೆಲಸ ಅಲ್ಲ. ಬಿಲ್ಲಿನ ಮೇಲೆ ಜಿಎಸ್‌ಟಿ ಎಂದು ಸೇರಿಸಿದ್ದರೆ ಯಾವ ಲೆಕ್ಕದಲ್ಲಿ ಎಂದು ಕೇಳಬಹುದು. ಇನ್ನೊಂದು, 60 ದಾಟಿದ, ಆರೋಗ್ಯ ವಿಮೆ ಇಲ್ಲದ ಹಿರಿಯರ ಚಿಕಿತ್ಸೆಯ ಖರ್ಚಿಗೆ ಹಳೇ ಆದಾಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50 ಸಾವಿರ ರೂ. ವರೆಗೆ ಕಡಿತ ಸಿಗುತ್ತದೆ. ನಗದು ಕೊಟ್ಟರೆ ಸಿಗುವುದಿಲ್ಲ. ಯುಪಿಐ, ಚೆಕ್ ಮೂಲಕ ಕೊಟ್ಟು ಬಿಲ್ ಇಟ್ಟುಕೊಳ್ಳಬೇಕು.

ವಿಮೆ, ಸರಕಾರಿ ಯೋಜನೆ ಸಹಾಯಕ್ಕೆ ಬರುತ್ತವಾ?

ಸಾಮಾನ್ಯ ಆರೋಗ್ಯ ವಿಮೆಗಳು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುವುದೇ ಹೆಚ್ಚು. ಅಪಘಾತವಾಗಿ ಆಸ್ಪತ್ರೆಗೆ ಸೇರಿದ ಸಂದರ್ಭಕ್ಕೆ ಮಾತ್ರ ಕೆಲವು ಕೊಡುತ್ತವೆ. ಪಾಲಿಸಿ ಇದೆಯಲ್ಲ ಎಂಬ ಧೈರ್ಯದಲ್ಲಿ ಚಿಕಿತ್ಸೆ ಶುರು ಮಾಡಿ ಆಮೇಲೆ ಕ್ಲೇಮ್ ಹಾಕುವುದಕ್ಕಿಂತ ಮೊದಲೇ ಕೇಳಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಬೇಕು. ಹೆಲ್ತ್ ಕಾರ್ಡ್ ಇರುವವರು ಅದರಲ್ಲಿ ದಂತ ವಿಭಾಗಕ್ಕೆ ರಿಯಾಯಿತಿ ಎಷ್ಟು ಎಂದು ನೋಡಬಹುದು. ಅದು ರಿಯಾಯಿತಿ, ವಿಮೆ ಅಲ್ಲ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಇರುವ ದಾರಿ ರಾಜ್ಯ ಸರಕಾರದ 'ದಂತ ಭಾಗ್ಯ' ಯೋಜನೆ. ಒಂದೂ ಹಲ್ಲಿಲ್ಲದವರಿಗೆ ಡೆಂಟಲ್ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಮಾಡಿಸಿಕೊಡುವುದು ಇದರ ಉದ್ದೇಶ. ಮೊದಲು 60 ದಾಟಿದವರಿಗೆ ಇದ್ದದ್ದು, ಆಮೇಲೆ ವಯಸ್ಸಿನ ಮಿತಿ ಇಳಿಸಲಾಯಿತು. ಇದು ತೆಗೆದು ಹಾಕುವ ಸೆಟ್, ಇಂಪ್ಲಾಂಟ್ ಅಲ್ಲ. ಆದರೂ ಸಾಲ ಮಾಡಿ ಇಂಪ್ಲಾಂಟ್ ಹಾಕಿಸಲು ಹೊರಟವರು ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಇದರ ಬಗ್ಗೆ ವಿಚಾರಿಸುವುದರಲ್ಲಿ ನಷ್ಟ ಇಲ್ಲ.

ಇನ್ನೊಂದು ದಾರಿ ಡೆಂಟಲ್ ಕಾಲೇಜು. ಹಲ್ಲಿನ ಕಾಲೇಜಿನ ವಿಷಯದಲ್ಲಿ ದಕ್ಷಿಣ ಕನ್ನಡ ಶ್ರೀಮಂತ ಜಿಲ್ಲೆ. ದೇರಳಕಟ್ಟೆಯಲ್ಲಿ ಎ.ಬಿ.ಶೆಟ್ಟಿ ಮತ್ತು ಯೆನೆಪೋಯ, ಮಂಗಳೂರು ಪೇಟೆಯಲ್ಲಿ ಮಣಿಪಾಲ ಸಂಸ್ಥೆಯ ಕಾಲೇಜು, ಕುಂಟಿಕಾನದಲ್ಲಿ ಎ.ಜೆ., ಸುಳ್ಯದಲ್ಲಿ ಕೆವಿಜಿ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಒಂದೂ ಇಲ್ಲ. ಉಜಿರೆಯ ಎಸ್‌ಡಿಎಂ ಸಂಸ್ಥೆಯ ಡೆಂಟಲ್ ಕಾಲೇಜು ಇರುವುದು ಧಾರವಾಡದಲ್ಲಿ. ಬಿ.ಸಿ.ರೋಡ್ ಕಡೆಯವರಿಗೆ ಮೆಲ್ಕಾರ್–ಮುಡಿಪು ದಾರಿಯಲ್ಲಿ ದೇರಳಕಟ್ಟೆ ಹತ್ತಿರ. ಮೂಡುಬಿದಿರೆಯವರಿಗೆ ಕುಂಟಿಕಾನವೂ ಆಗುತ್ತದೆ, ಕಾರ್ಕಳ ಮೂಲಕ ಮಣಿಪಾಲವೂ ಆಗುತ್ತದೆ. ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರೊಫೆಸರುಗಳ ಉಸ್ತುವಾರಿಯಲ್ಲಿ ಮಾಡುತ್ತಾರೆ, ಹಾಗಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ ಬೀಳುತ್ತದೆ. ಎಲ್ಲ ವಿಭಾಗದ ತಜ್ಞರು ಒಂದೇ ಕಡೆ ಇರುತ್ತಾರೆ. ಬದಲಿಗೆ ಕೊಡಬೇಕಾದ್ದು ಸಮಯ. ಭೇಟಿಗಳು ಹೆಚ್ಚು, ಪ್ರತಿ ಭೇಟಿಯೂ ಉದ್ದ.

ಹಾಕುವವರು ಯಾರು, ಆಮೇಲೆ ನೋಡುವವರು ಯಾರು?

ಭಾರತದಲ್ಲಿ ಇಂಪ್ಲಾಂಟಿಗೆಂದೇ ಪ್ರತ್ಯೇಕ ಎಂಡಿಎಸ್ ಪದವಿ ಇಲ್ಲ. ಕೃತಕ ಹಲ್ಲು ಜೋಡಿಸುವ ಪ್ರಾಸ್ಥೊಡಾಂಟಿಸ್ಟ್, ವಸಡಿನ ತಜ್ಞ ಪೆರಿಯೊಡಾಂಟಿಸ್ಟ್, ದವಡೆಯ ಶಸ್ತ್ರಚಿಕಿತ್ಸಕರು ಹೆಚ್ಚಾಗಿ ಇದನ್ನು ಮಾಡುತ್ತಾರೆ. ತರಬೇತಿ ಪಡೆದ ಬಿಡಿಎಸ್ ಡಾಕ್ಟರುಗಳೂ ಮಾಡುತ್ತಾರೆ. ಬೋರ್ಡಿನಲ್ಲಿ 'ಇಂಪ್ಲಾಂಟಾಲಜಿಸ್ಟ್' ಎಂದು ಇದ್ದರೆ ಅದು ಯಾವ ಕೋರ್ಸು, ಎಷ್ಟು ದಿನದ್ದು, ಇಲ್ಲಿಯವರೆಗೆ ಎಷ್ಟು ಹಾಕಿದ್ದೀರಿ ಡಾಕ್ಟ್ರೇ ಎಂದು ಮರ್ಯಾದೆಯಿಂದಲೇ ಕೇಳಬಹುದು.

ತಾಲ್ಲೂಕು ಪೇಟೆಗಳಲ್ಲಿ ಇನ್ನೊಂದು ವ್ಯವಸ್ಥೆ ಉಂಟು. ಕ್ಲಿನಿಕ್ ಒಬ್ಬರದ್ದು, ಸ್ಕ್ರೂ ಕೂರಿಸಲು ಗೊತ್ತಾದ ದಿನ ಹೊರಗಿನಿಂದ ತಜ್ಞರು ಬಂದು ಹೋಗುತ್ತಾರೆ. ಇದು ತಪ್ಪಲ್ಲ, ಹಳ್ಳಿ ಕಡೆಗೆ ತಜ್ಞರು ಬರುವುದೇ ಇದರಿಂದ. ಆದರೆ ಹಾಕಿದವರು ಹೋದ ಮೇಲೆ ರಾತ್ರಿ ಊತ ಬಂದರೆ ಫೋನ್ ಯಾರಿಗೆ? ಒಂದು ವರ್ಷ ಬಿಟ್ಟು ಸ್ಕ್ರೂ ಅಲುಗಾಡಿದರೆ ಜವಾಬ್ದಾರಿ ಯಾರದ್ದು? ಇಬ್ಬರ ಹೆಸರೂ ಕೇಸ್‌ಪೇಪರಿನಲ್ಲಿ ಇರಬೇಕು.

ಅದರ ಜೊತೆ ಇನ್ನೊಂದು ಸಣ್ಣ ಕಾಗದ ಕೇಳಿ ತೆಗೆದುಕೊಳ್ಳಬೇಕು. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ರೋಗಿಯ ಕಾರ್ಡಿಗೆ ಅಂಟಿಸಿ ಕೊಡುವುದು ಒಳ್ಳೆಯ ಪದ್ಧತಿ. ಗಲ್ಫಿನಿಂದ ರಜೆಯಲ್ಲಿ ಬಂದು ಹಾಕಿಸುವವರಿಗೆ ಇದು ಬಹಳ ಮುಖ್ಯ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಕ್ಯಾಪ್ ಸಡಿಲವಾದರೆ ಅಲ್ಲಿನ ಡಾಕ್ಟರಿಗೆ ಯಾವ ಕಂಪನಿ, ಯಾವ ಅಳತೆ ಎಂದು ಗೊತ್ತಾಗುವುದು ಈ ಸ್ಟಿಕ್ಕರಿನಿಂದ. ಒಂದು ತಿಂಗಳ ರಜೆಯಲ್ಲಿ ಎಲ್ಲ ಮುಗಿಸಿ ಕೊಡಿ ಎಂದು ಡಾಕ್ಟರಿಗೆ ಒತ್ತಾಯ ಮಾಡುವುದಕ್ಕಿಂತ, ಈ ಸಲ ಸ್ಕ್ರೂ, ಮುಂದಿನ ರಜೆಗೆ ಕ್ಯಾಪ್ ಎಂದು ಮಾತಾಡಿಕೊಳ್ಳುವುದು ಎಷ್ಟೋ ಒಳ್ಳೆಯದು.

'ಮೂರೇ ದಿನ' ಜಾಹೀರಾತು ಪೂರ್ತಿ ಸುಳ್ಳಾ? ಅಲ್ಲ. ಎಲುಬು ಗಟ್ಟಿ ಇದ್ದು, ಸ್ಕ್ರೂ ಬಿಗಿಯಾಗಿ ಕೂತರೆ ಕೂಡಲೇ ತಾತ್ಕಾಲಿಕ ಹಲ್ಲು ಜೋಡಿಸುವ ವಿಧಾನ ಉಂಟು. ಇಡೀ ದವಡೆಗೆ ನಾಲ್ಕು ಸ್ಕ್ರೂ ಮೇಲೆ ಪೂರ್ತಿ ಸಾಲು ಕೂರಿಸುವುದೂ ಉಂಟು. ಆದರೆ ಎಲುಬು ಹಿಡಿಯಲು ಬೇಕಾದ ತಿಂಗಳುಗಳು ಆಗಲೂ ಬೇಕು. ಆ ಸಮಯದಲ್ಲಿ ಗಟ್ಟಿ ಪದಾರ್ಥ ಕಡಿದರೆ ಸ್ಕ್ರೂ ಅಲುಗಾಡುತ್ತದೆ. ಎಲ್ಲರ ಬಾಯಿಗೂ ಇದು ಹೊಂದುವುದಿಲ್ಲ.

ಇಂಪ್ಲಾಂಟೇ ಬೇಕಾ?

ಒಂದೇ ಹಲ್ಲು ಹೋಗಿದ್ದು ಅಕ್ಕಪಕ್ಕದ ಎರಡು ಹಲ್ಲು ಚೆನ್ನಾಗಿದ್ದರೆ ಇಂಪ್ಲಾಂಟ್ ಒಳ್ಳೆಯದು, ಯಾಕೆಂದರೆ ಬ್ರಿಜ್ ಹಾಕಲು ಆ ಎರಡು ಒಳ್ಳೆಯ ಹಲ್ಲನ್ನು ಅರೆದು ಸಣ್ಣ ಮಾಡಬೇಕಾಗುತ್ತದೆ. ಅಕ್ಕಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಆಗಿ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಜ್ಜೇ ಸಾಕು. ಕೆಲವೇ ವಾರದಲ್ಲಿ ಮುಗಿಯುತ್ತದೆ, ಖರ್ಚೂ ಕಡಿಮೆ. ಎಲ್ಲ ಹಲ್ಲು ಹೋದವರಿಗೆ ಮೇಲಿನ ಸೆಟ್ ಸಾಮಾನ್ಯವಾಗಿ ಕೂರುತ್ತದೆ. ಕೆಳಗಿನದ್ದು ಮಾತಾಡುವಾಗ ಕುಣಿಯುತ್ತದೆ ಎಂದು ದೂರುವವರೇ ಹೆಚ್ಚು. ಅಂಥವರಿಗೆ ಕೆಳಗೆ ಎರಡೇ ಇಂಪ್ಲಾಂಟ್ ಹಾಕಿ, ಅದಕ್ಕೆ ಸೆಟ್ಟನ್ನು ಗುಂಡಿ ಒತ್ತಿದ ಹಾಗೆ ಸಿಕ್ಕಿಸುವ ವಿಧಾನ ಉಂಟು. ಇಡೀ ಸಾಲಿಗೆ ಲಕ್ಷಗಟ್ಟಲೆ ಹಾಕುವುದಕ್ಕಿಂತ ಇದು ಎಷ್ಟೋ ಅಗ್ಗ, ಮನೆಯ ಹಿರಿಯರಿಗೆ ಇದರಲ್ಲೇ ಸಮಾಧಾನ ಸಿಗಬಹುದು. ಈ ಆಯ್ಕೆಗಳನ್ನು ಹೇಳದೆ ನೇರ ಇಂಪ್ಲಾಂಟ್ ಎಂದವರಿದ್ದರೆ ಇನ್ನೊಬ್ಬ ಡಾಕ್ಟರಲ್ಲಿ ಕೇಳುವುದು ತಪ್ಪಲ್ಲ.

ಹಾಕಿಸಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು, ಎಲುಬಿಗೆ ಸೋಂಕು ಬರುತ್ತದೆ. ನೋವಿಲ್ಲದೆ ಬರುವುದರಿಂದ ಗೊತ್ತಾಗುವಾಗ ತಡವಾಗಿರುತ್ತದೆ. ದಿನಕ್ಕೆ ಎರಡು ಸಲ ಬ್ರಶ್, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಶ್, ಆರು ತಿಂಗಳಿಗೊಮ್ಮೆ ಕ್ಲೀನಿಂಗ್. ಇದರ ಖರ್ಚೂ ಲೆಕ್ಕದಲ್ಲಿ ಇರಲಿ.

ತೊಂದರೆ ಆದರೆ ಎಲ್ಲಿಗೆ ಹೋಗುವುದು?

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಹಲ್ಲಿನ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು, ದರ ಪಟ್ಟಿ ಕಾಣುವಂತೆ ಹಾಕಬೇಕು. ಕೆಪಿಎಂಇ ನೋಂದಣಿ ಸಂಖ್ಯೆ ಗೋಡೆಯಲ್ಲಿ ಇದೆಯಾ ನೋಡಬಹುದು. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಉಂಟು, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಡಾಕ್ಟರ ವೃತ್ತಿ ನಡತೆ ಬಗ್ಗೆ ದೂರು ಇದ್ದರೆ ರಾಜ್ಯ ದಂತ ವೈದ್ಯಕೀಯ ಪರಿಷತ್ತು ಇದೆ.

ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಕೊಟ್ಟ ಮೊತ್ತ 5 ಲಕ್ಷ ರೂ. ವರೆಗೆ ಇದ್ದರೆ ಶುಲ್ಕ ಇಲ್ಲ. ಆದರೆ ಒಂದು ಮಾತು: ಇಂಪ್ಲಾಂಟ್ ಹಿಡಿಯಲಿಲ್ಲ ಎಂಬುದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಆಗುವುದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಹಿಡಿಯುವುದಿಲ್ಲ. ಸ್ಕ್ಯಾನ್ ಮಾಡದೆ ಹಾಕಿದ್ದು, ಶುಗರ್ ಕೇಳದೆ ಹಾಕಿದ್ದು, ಅಪಾಯ ಹೇಳದೆ ಸಹಿ ತೆಗೆದುಕೊಂಡದ್ದು ನಿರ್ಲಕ್ಷ್ಯದ ಪ್ರಶ್ನೆ ಎತ್ತುತ್ತದೆ. ಅದನ್ನು ತೋರಿಸಲು ಕಾಗದ ಬೇಕು. ಬಿಲ್, ಎಕ್ಸ್‌ರೇ, ಕೇಸ್‌ಪೇಪರ್ ಇಲ್ಲದೆ ಬರೀ ಬಾಯಿಮಾತಿನ ದೂರು ಎಲ್ಲಿಯೂ ನಿಲ್ಲುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಕೇಳಬೇಕಾದ್ದು

1. ನನಗೆ ಬ್ರಿಜ್ ಅಥವಾ ಸೆಟ್ ಸಾಕಾಗುವುದಿಲ್ಲವಾ? ಯಾಕೆ?

2. ಎಲುಬು ಸಾಕಷ್ಟು ಉಂಟಾ? ಸ್ಕ್ಯಾನಿನಲ್ಲಿ ತೋರಿಸುತ್ತೀರಾ?

3. ಸ್ಕ್ರೂ, ಅಬಟ್‌ಮೆಂಟ್, ಕ್ಯಾಪ್, ಸ್ಕ್ಯಾನ್, ಎಲುಬು ಪುಡಿ ಸೇರಿ ಒಟ್ಟು ಎಷ್ಟು? ಬರೆದುಕೊಡುತ್ತೀರಾ?

4. ಯಾವ ಕಂಪನಿಯದ್ದು? ಸ್ಟಿಕ್ಕರ್ ಕೊಡುತ್ತೀರಾ?

5. ಹಾಕುವವರು ಯಾರು, ಆಮೇಲೆ ನೋಡುವವರು ಯಾರು? ರಾತ್ರಿ ತೊಂದರೆ ಆದರೆ ಯಾರ ನಂಬರ್?

6. ಎಲುಬು ಹಿಡಿಯದಿದ್ದರೆ ಮತ್ತೆ ಹಾಕುವ ಖರ್ಚು ಯಾರದ್ದು?

7. ಒಟ್ಟು ಎಷ್ಟು ಸಲ ಬರಬೇಕು, ಕಡೆಯ ಕ್ಯಾಪ್ ಯಾವ ತಿಂಗಳಿಗೆ?

ಈ ಏಳಕ್ಕೂ ನಿಧಾನವಾಗಿ ಕೂತು ಉತ್ತರ ಕೊಡುವ ಡಾಕ್ಟರು ಸಿಕ್ಕಿದರೆ ಅರ್ಧ ಚಿಂತೆ ಕಳೆದ ಹಾಗೆ. 'ಈ ವಾರ ಮಾತ್ರ ಆಫರ್, ಇವತ್ತೇ ಅಡ್ವಾನ್ಸ್ ಕೊಡಿ' ಎಂದರೆ ಎದ್ದು ಬರಬಹುದು. ಹಲ್ಲು ಹೋದ ಜಾಗ ಒಂದು ವಾರ ಕಾಯುತ್ತದೆ, ಕೊಟ್ಟ ಅಡ್ವಾನ್ಸ್ ವಾಪಸ್ ಬರುವುದೇ ಕಷ್ಟ.